ಮುಚ್ಚಳ ಹುಡುಕಿಕೊಂಡು ಚನ್ನಪಟ್ಟಣಕ್ಕೆ

ಕುಂಕುಮದ ಭರಣಿ ಇಲ್ಲದ ಮನೆ ಯಾವುದಿದೆ ಹೇಳಿ? ಬೆಳ್ಳಿಯದೋ, ಹಿತ್ತಾಳೆಯದೋ, ಕೊನೆಗೆ ಪ್ಲಾಸ್ಟಿಕ್ಕಿನದೋ ಒಂದು ಇದ್ದೇ ಇರುತ್ತದೆ. ನಮ್ಮ ಮನೆಯದು ಮರದ್ದು. ಕೆಂಪು ಬಣ್ಣ, ನಡುವೆ ಎರಡು ಹಳದಿ ಗೆರೆ, ಮುಷ್ಟಿಯಲ್ಲಿ ಹಿಡಿಸುವಷ್ಟು ಪುಟ್ಟದು. ನಮ್ಮ ಅತ್ತೆಯವರು ಮದುವೆಯಾಗಿ ಈ ಮನೆಗೆ ಬರುವಾಗ ಅವರ ತಾಯಿ ಮಡಿಲಕ್ಕಿಯ ಜೊತೆ ಇಟ್ಟು ಕಳಿಸಿದ್ದಂತೆ. ಚನ್ನಪಟ್ಟಣದ ಸಾಮಾನು. ಐವತ್ತು ವರ್ಷ ದಾಟಿತು.

ಆ ಭರಣಿಯ ಮುಚ್ಚಳವನ್ನು ನಾನು ನನ್ನ ಕೈಯಾರೆ ಹಾಳು ಮಾಡಿದೆ.

ಗೌರಿ ಹಬ್ಬಕ್ಕೆ ಮುಂಚೆ ದೇವರ ಸಾಮಾನು ತೊಳೆಯುವ ಸಡಗರ ನಿಮಗೆ ಗೊತ್ತೇ ಇದೆಯಲ್ಲ. ಕುದಿಯುವ ನೀರಿಗೆ ಸೋಡಾ ಹಾಕಿ ಆರತಿ ತಟ್ಟೆ, ಪಂಚಪಾತ್ರೆ, ದೀಪದ ಕಂಬ ಎಲ್ಲವನ್ನೂ ಮುಳುಗಿಸಿದೆ. ಅದರ ಜೊತೆ ಮುಚ್ಚಳವೂ ಬಿತ್ತು. ನೋಡಲಿಲ್ಲ. ನೋಡಿದಾಗ ಕೆಂಪೆಲ್ಲ ಬಿಳಿಚಿ ತೇಪೆ ತೇಪೆಯಾಗಿ ಎದ್ದಿತ್ತು. ಸರಿ ಮಾಡೋಣ ಅಂತ ತೆಂಗಿನ ನಾರಿನಲ್ಲಿ ತಿಕ್ಕಿದೆ, ಇದ್ದ ಬಣ್ಣವೂ ಹೋಯಿತು. ಒಣಗಲಿ ಅಂತ ಮಹಡಿಯ ಬಿಸಿಲಿನಲ್ಲಿಟ್ಟೆ. ಸಂಜೆ ಹೋಗಿ ನೋಡಿದರೆ ಅಡ್ಡಡ್ಡ ಸೀಳಿತ್ತು. ಒಂದು ತಪ್ಪನ್ನು ಸರಿ ಮಾಡಲು ಹೋಗಿ ಮೂರು ತಪ್ಪು!

ನಮ್ಮ ಅತ್ತೆಯವರಿಗೆ ಈಗ ಎಪ್ಪತ್ತಾರು. ಕಣ್ಣಿನ ಒತ್ತಡದ ಕಾಯಿಲೆಯಿಂದ ದೃಷ್ಟಿ ಮಂದವಾಗಿದೆ. ಬೆಳಕು ನೆರಳು ಅಷ್ಟೇ ತಿಳಿಯುತ್ತದೆ. ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಕೋಣೆಗೆ ಬಂದು, ಎಡಗೈಯಲ್ಲಿ ಭರಣಿ ಹಿಡಿದು, ಬಲಗೈಯಲ್ಲಿ ಮುಚ್ಚಳವನ್ನು ಒಂದು ಸುತ್ತು ತಿರುವಿ ಎತ್ತುತ್ತಿದ್ದರು. ಟಪ್ ಅಂತ ಸಣ್ಣ ಸದ್ದು. ಅಡುಗೆಮನೆಯಲ್ಲಿದ್ದರೂ ನನಗೆ ಕೇಳುತ್ತಿತ್ತು. ಕುಂಕುಮ ಇಟ್ಟುಕೊಂಡರು, ಇನ್ನು ಕಾಫಿ ಸೋಸಬಹುದು ಅಂತ ಲೆಕ್ಕ.

ಮುಚ್ಚಳ ಹಾಳಾಗಿದ್ದನ್ನು ನಾನೇ ಹೇಳಿದೆ. "ಹೋಗ್ಲಿ ಬಿಡೇ, ವಸ್ತು ತಾನೇ" ಅಂದರು. ನಿಜ ಹೇಳುತ್ತೇನೆ, ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಯಜಮಾನರು ಪೇಟೆಯಿಂದ ಸ್ಟೀಲಿನ ಭರಣಿ ತಂದರು. ಅತ್ತೆ ಅದನ್ನು ಮರ್ಯಾದೆಯಿಂದ ಒಳಗಿಟ್ಟರು. ಹಳೆಯದರ ಮೇಲೆ ಒಂದು ಪುಟ್ಟ ತಟ್ಟೆ ಮುಚ್ಚಿಟ್ಟು ಅದನ್ನೇ ಬಳಸಿದರು. ಎರಡು ಸಲ ತಟ್ಟೆ ಜಾರಿ ಕುಂಕುಮವೆಲ್ಲ ನೆಲಕ್ಕೆ ಬಿತ್ತು. ಬಗ್ಗಿ ತಡವರಿಸಿ ಒರೆಸುತ್ತಿದ್ದುದನ್ನು ನೋಡಿದ ದಿನ ತೀರ್ಮಾನ ಮಾಡಿದೆ, ಮುಚ್ಚಳ ಎಲ್ಲಿ ಹುಟ್ಟಿತೋ ಅಲ್ಲಿಗೇ ಹೋಗುವುದು ಅಂತ.

ಪಾಂಡವಪುರದಿಂದ ಚನ್ನಪಟ್ಟಣ ದೂರವೇನಲ್ಲ. ಮೈಸೂರು-ಬೆಂಗಳೂರು ರೈಲಿನಲ್ಲಾದರೆ ಮಂಡ್ಯ, ಮದ್ದೂರು ಕಳೆದ ಮೇಲೆ ಸಿಗುತ್ತದೆ. ನಾನೂ ನಮ್ಮ ಓರಗಿತ್ತಿಯೂ ಬಸ್ಸಿನಲ್ಲೇ ಹೊರಟೆವು. 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲವಲ್ಲ, ಅದನ್ನು ಬಿಡುವುದುಂಟೆ! ಆದರೆ ಒಂದು ಮಾತು ನೆನಪಿಡಿ. ಹತ್ತುವ ಮುಂಚೆ "ಚನ್ನಪಟ್ಟಣದ ಒಳಗೆ ಹೋಗುತ್ತಾ?" ಅಂತ ಕಂಡಕ್ಟರನ್ನು ಕೇಳಿ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ವೇಗದ ಬಸ್ಸುಗಳು ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗಿಬಿಡುತ್ತವೆ. ಹಳೇ ರಸ್ತೆಯ ಬಸ್ಸೇ ಬೇಕು.

ಮದ್ದೂರಿನಲ್ಲಿ ಬಸ್ಸು ನಿಂತಾಗ ವಡೆ ತಿಂದೆವು. ಮನೆಯಲ್ಲಿ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಎಲ್ಲ ಹಾಕಿ ಎಷ್ಟು ಸಲ ಮಾಡಿದರೂ ಆ ಗರಿಗರಿ ನನಗೆ ಬಂದಿಲ್ಲ. ಕಾದ ಎಣ್ಣೆಯನ್ನು ಹಿಟ್ಟಿಗೆ ಹಾಕಿ ಚೆನ್ನಾಗಿ ಉಜ್ಜಬೇಕು, ನೀರು ಕಮ್ಮಿ ಹಾಕಬೇಕು ಅಂತ ಓರಗಿತ್ತಿಯ ವಾದ. ಆ ವಾದದಲ್ಲೇ ದೊಡ್ಡಮಳೂರು ಬಂತು.

ಚನ್ನಪಟ್ಟಣಕ್ಕೆ ಮೂರು ಕಿಲೋಮೀಟರು ಮುಂಚೆ ಸಿಗುವ ಈ ಊರಿನ ಅಪ್ರಮೇಯ ಸ್ವಾಮಿ ದೇವಸ್ಥಾನ ನಿಮಗೆ ಗೊತ್ತಿರಬಹುದು. ಅಂಬೆಗಾಲಿಕ್ಕುತ್ತಿರುವ, ಕೈಯಲ್ಲಿ ಬೆಣ್ಣೆ ಹಿಡಿದ ನವನೀತ ಕೃಷ್ಣ ಇರುವುದು ಇಲ್ಲೇ. ಮಕ್ಕಳಿಲ್ಲದವರು ಹರಕೆ ಹೊತ್ತು, ಫಲಿಸಿದ ಮೇಲೆ ಪುಟ್ಟ ತೊಟ್ಟಿಲನ್ನು ಒಪ್ಪಿಸುತ್ತಾರೆ. ಇಳಿದು ಕೈಮುಗಿದು ಬೆಣ್ಣೆ ನೈವೇದ್ಯ ಮಾಡಿಸಿ, ಆಟೋ ಹಿಡಿದು ಊರಿಗೆ ಬಂದೆವು. ತೊಟ್ಟಿಲು ಕೊಡುವ ದೇವರ ಪಕ್ಕದಲ್ಲೇ ಗಿಲಕಿ ಮಾಡುವ ಊರು. ಎಂಥ ಹೊಂದಿಕೆ ಅಂದುಕೊಂಡೆ.

ಹಳೇ ರಸ್ತೆಯ ಎರಡೂ ಬದಿ ಬೊಂಬೆ ಅಂಗಡಿಗಳು. ಹೊರಗೆ ತೂಗುಹಾಕಿದ ಮರದ ಕುದುರೆ, ನೂಕುಗಾಡಿ, ಬುಗುರಿ, ಗಿಲಕಿ, ಅಡುಗೆ ಆಟದ ಸಾಮಾನು, ತಲೆಯಾಡಿಸುವ ದಂಪತಿ. ಚಿಕ್ಕಂದಿನಲ್ಲಿ ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಇವನ್ನು ನೋಡಿ ಅಳುತ್ತಿದ್ದ ನೆನಪು. ಆಗ ಪ್ರತಿ ಅಂಗಡಿಯ ಮುಂದೂ ಕಾರುಗಳು ನಿಂತಿರುತ್ತಿದ್ದವು. ಈಗ ನಾವು ಹೋದ ದಿನ ಆರು ಅಂಗಡಿಗಳ ಮುಂದೆ ಒಂದೇ ಕಾರು. ಹೊಸ ರಸ್ತೆ ಬಂದ ಮೇಲೆ ಹೀಗೇ ಅಂತ ಅಂಗಡಿಯವರೊಬ್ಬರು ಹೇಳಿದರು. ಬೆಂಗಳೂರಿನವರಿಗೆ ಮೈಸೂರು ಹತ್ತಿರವಾಯಿತು, ಚನ್ನಪಟ್ಟಣ ದೂರವಾಯಿತು. ವ್ಯಾಪಾರ ಬಿದ್ದ ಮೇಲೆ ಕೆಲವರು ಪ್ಲಾಸ್ಟಿಕ್ ಸಾಮಾನನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಅವರನ್ನು ಏನೆನ್ನೋಣ? ಒಲೆ ಉರಿಯಬೇಕಲ್ಲ.

ಬ್ಯಾಗಿನಿಂದ ಭರಣಿ ತೆಗೆದು ತೋರಿಸಿದೆ. ಮೊದಲ ಅಂಗಡಿಯವರು ನಕ್ಕರು. "ಹೊಸದು ತಗೊಳ್ಳಮ್ಮ, ನೂರಿಪ್ಪತ್ತು ರೂಪಾಯಿ." ಎರಡನೆಯವರು ತಮ್ಮಲ್ಲಿದ್ದ ಹತ್ತು ಹನ್ನೆರಡು ಭರಣಿಗಳ ಮುಚ್ಚಳಗಳನ್ನು ಒಂದೊಂದಾಗಿ ಕೂರಿಸಿ ನೋಡಿದರು. ಒಂದು ಅಲ್ಲಾಡಿತು, ಇನ್ನೊಂದು ಇಳಿಯಲೇ ಇಲ್ಲ. ಮೂರನೆಯವರು ಭರಣಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಹಳೇ ಕೈಯಿನ ಕೆಲಸ. ಅಂಗಡೀಲಿ ಆಗಲ್ಲ. ಮಾಡೋರ ಹತ್ರಾನೇ ಹೋಗಿ" ಅಂದು ಒಂದು ಬೀದಿಯ ಗುರುತು ಹೇಳಿದರು.

ಈ ಊರಲ್ಲಿ ಮಾಡುವವರು ಅಂದರೆ ದೊಡ್ಡ ಫ್ಯಾಕ್ಟರಿ ಅಂದುಕೊಳ್ಳಬೇಡಿ. ಕಲಾನಗರ ಅಂತ ಕುಶಲಕರ್ಮಿಗಳದ್ದೇ ಒಂದು ಬಡಾವಣೆ ಇದೆ. ಬೇರೆ ಬೀದಿಗಳಲ್ಲೂ ಮನೆಗೆ ಅಂಟಿದ ಹಾಗೆ ತಗಡಿನ ಕೊಟ್ಟಿಗೆ, ಅದರೊಳಗೆ ಒಂದೋ ಎರಡೋ ಲೇತು. ಬೀದಿಯಲ್ಲಿ ನಡೆದರೆ ಗುಂಯ್ ಅನ್ನುವ ಸದ್ದು ಕೇಳುತ್ತದೆ, ಅದೇ ದಾರಿ ತೋರಿಸುತ್ತದೆ.

ನಾವು ಹೋದ ಕೊಟ್ಟಿಗೆಯಲ್ಲಿ ಎರಡು ಲೇತು ಇದ್ದವು. ಒಂದಕ್ಕೆ ಗೋಣಿತಾಟು ಮುಚ್ಚಿತ್ತು. ಇನ್ನೊಂದರ ಮುಂದೆ ಮೂವತ್ತು ವರ್ಷದ ಒಬ್ಬ ಹೆಣ್ಣುಮಗಳು ಕೂತಿದ್ದಳು. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ತಲೆಗೂದಲನ್ನು ಬಟ್ಟೆಯಲ್ಲಿ ಸುತ್ತಿ, ಮೊಣಕಾಲಿನವರೆಗೆ ಮರದ ಹೊಟ್ಟು. ಮೂಲೆಯಲ್ಲಿ ಮಣೆಯ ಮೇಲೆ ಅರವತ್ತೈದು ದಾಟಿದ ಯಜಮಾನರು. ಅವಳ ಮಾವ.

ನಾನು ವಿಷಯ ಹೇಳಿ, ಮುಚ್ಚಳ ಹೇಗೆ ಹಾಳಾಯಿತು ಅನ್ನುವುದನ್ನೂ ಒಪ್ಪಿಕೊಂಡೆ. ಯಜಮಾನರು ಭರಣಿಯನ್ನು ತೆಗೆದುಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು.

"ಬಿಸಿನೀರಿಗೆ ಹಾಕಿದ್ರಾ ತಾಯಿ? ಇದು ಅರಗು. ಬಿಸಿಯಲ್ಲಿ ಹತ್ತಿಸ್ತೀವಿ, ಬಿಸಿಯಲ್ಲೇ ಬಿಡುತ್ತೆ" ಅಂದರು. ಆಮೇಲೆ, "ಮುಚ್ಚಳ ಮಾಡ್ಕೊಡ್ತೀವಿ. ನೂರೈವತ್ತು ಆಗುತ್ತೆ" ಅಂದರು.

ಓರಗಿತ್ತಿ ತಡೆಯಲಿಲ್ಲ. "ಇದೇನ್ರೀ ಇದು! ಮುಚ್ಚಳ ಸಮೇತ ಹೊಸಾ ಭರಣೀನೇ ನೂರಿಪ್ಪತ್ತಕ್ಕೆ ಕೊಡ್ತಾರಲ್ಲ!"

"ಹೌದಮ್ಮ. ಹೊಸದಾದ್ರೆ ಬುಡ, ಮುಚ್ಚಳ ಎರಡನ್ನೂ ಒಂದೇ ಕೊರಡಲ್ಲಿ ತೆಗೀತೀವಿ, ಒಂದಕ್ಕೊಂದು ಕೂರುತ್ತೆ. ಇದರ ಬುಡ ಯಾರೋ ಮಾಡಿದ್ದು, ಐವತ್ತು ವರ್ಷ ಒಣಗಿದೆ, ಸವೆದಿದೆ, ಪೂರ್ತಿ ಗುಂಡಗೂ ಇಲ್ಲ. ಇದಕ್ಕೆ ಕೂರಿಸಬೇಕಲ್ಲ. ಅರ್ಧ ದಿನ ಹೋಗುತ್ತೆ. ಇಷ್ಟ ಇದ್ರೆ ಮಾಡಿಸಿ."

ಮಾಡಿ ಅಂದೆ.

ಮೊದಲು ಮರ. ಮೂಲೆಯಲ್ಲಿ ತೊಗಟೆ ಸುಲಿದ ಕೊರಡುಗಳ ರಾಶಿ ಇತ್ತು, ದಂತದ ಹಾಗೆ ಬೆಳ್ಳಗೆ. ಇದು ಆಲೆ ಮರ. ಹಾಲೆ ಅಂತಲೂ ಅನ್ನುತ್ತಾರೆ. ಎಲೆ ಕಿತ್ತರೆ ಹಾಲು ಸುರಿಯುತ್ತದೆ. ಇದರ ಎಲೆಯನ್ನೇ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಬಿಸಿಲಿಗಿಟ್ಟು, ಚರ್ಮದ ಕಾಯಿಲೆಗೆ ಹಚ್ಚುವುದನ್ನು ನೀವು ಕೇಳಿರಬಹುದು. ಮರ ಮೃದು, ಎಳೆಗಳು ತೀರ ಸಣ್ಣ, ಉಳಿ ಕೊಟ್ಟ ಕಡೆ ನುಣ್ಣಗೆ ಬರುತ್ತದೆ. ಆದರೆ ಹಸಿ ಮರದಲ್ಲಿ ಕೆಲಸ ಮಾಡಿದರೆ ಆಮೇಲೆ ಸೊಟ್ಟಗಾಗಿ ಸೀಳುತ್ತದೆ. ಅದಕ್ಕೇ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಯಜಮಾನರು ನಾಲ್ಕು ತುಂಡು ಎತ್ತಿ, ಒಂದೊಂದನ್ನೂ ಬೆರಳಿನ ಗಿಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಐದನೆಯದನ್ನು ಸೊಸೆಗೆ ಕೊಟ್ಟರು. ನಾವು ತೆಂಗಿನಕಾಯಿ ತಟ್ಟಿ ನೋಡುವುದಿಲ್ಲವೇ, ಹಾಗೆ.

ಅವಳು ಆ ತುಂಡನ್ನು ಲೇತಿನ ಬಾಯಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದಳು. ಮೋಟಾರು ಹಾಕುವ ಮುಂಚೆ ಎರಡು ಕೈಯ ಗಾಜಿನ ಬಳೆಗಳನ್ನೂ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದಳು. ಓರಗಿತ್ತಿಗೆ ಕಸಿವಿಸಿಯಾಯಿತು. "ಮುತ್ತೈದೆ ಬರಿಗೈಲಿ ಇರಬಾರದು ಕಣಮ್ಮ" ಅಂದಳು. ಅವಳು ನಕ್ಕು, "ಕೈ ಉಳಿದ್ರೆ ತಾನೇ ಅಕ್ಕಾ ಬಳೆ! ತಿರುಗೋದಕ್ಕೆ ಸಿಕ್ಕಿದ್ರೆ ಬಿಡಲ್ಲ ಇದು" ಅಂದಳು. ಯಜಮಾನರು ಮಾತಾಡದೆ ತಮ್ಮ ಎಡಗೈ ಚಾಚಿ ತೋರಿಸಿದರು. ಹೆಬ್ಬೆರಳಿನ ಉಗುರೇ ಇರಲಿಲ್ಲ.

ಅವರು ಕಲಿತಿದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಅವರ ತಂದೆಯಿಂದ. ಆಗ ಕರೆಂಟಿನ ಲೇತು ಎಲ್ಲರಿಗೂ ಇರಲಿಲ್ಲ. ಬಿಲ್ಲಿನ ಹಗ್ಗವನ್ನು ಮರಕ್ಕೆ ಸುತ್ತಿ ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯುವುದು, ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವುದು. ಈ ವಿದ್ಯೆ ಊರಿಗೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಿಂದ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಬವಾಸ್ ಮಿಯಾನ್ ಅನ್ನುವವರ ಹೆಸರನ್ನಂತೂ ಕೈಮುಗಿದೇ ಹೇಳುತ್ತಾರೆ. ಜಪಾನಿನ ಬೊಂಬೆ ಮಾಡುವ ರೀತಿಯನ್ನು ಇಲ್ಲಿಯ ಕೆಲಸಕ್ಕೆ ಹೊಂದಿಸಿದವರು ಅವರು ಅಂತ ಮಾತು. ಚನ್ನಪಟ್ಟಣದ ಬೊಂಬೆಗಳ ತಂದೆ ಅಂತಲೇ ಕರೆಯುತ್ತಾರೆ. 2005-06ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಂದರೆ ಬೇರೆ ಊರಲ್ಲಿ ಮಾಡಿದ್ದಕ್ಕೆ ಈ ಹೆಸರು ಹಾಕುವ ಹಾಗಿಲ್ಲ.

ಇಷ್ಟೆಲ್ಲ ಮಾತಾಡುವಷ್ಟರಲ್ಲಿ ಅವಳು ಮರದ ಹೊರಮೈಯನ್ನು ಗುಂಡಗೆ ಮಾಡಿದ್ದಳು. ಉಳಿ ತಾಗಿದ ಕಡೆಯಿಂದ ಹೆರೆ ಹೆರೆಯಾಗಿ, ಕೊಬ್ಬರಿ ತುರಿದ ಹಾಗೆ ಹೊಟ್ಟು ಹಾರುತ್ತಿತ್ತು. ಆಮೇಲೆ ಒಳಗಿನ ಟೊಳ್ಳು. ಇಲ್ಲೇ ಇರುವುದು ಕಷ್ಟ. ಸ್ವಲ್ಪ ತೋಡುವುದು, ಮೋಟಾರು ನಿಲ್ಲಿಸುವುದು, ನಮ್ಮ ಭರಣಿಯ ಬುಡವನ್ನು ತಂದು ಹಿಡಿದು ನೋಡುವುದು. ಮತ್ತೆ ತೋಡುವುದು, ಮತ್ತೆ ಹಿಡಿಯುವುದು. ಹನ್ನೊಂದು ಸಲ ಎಣಿಸಿದೆ, ಆಮೇಲೆ ಬಿಟ್ಟೆ. ಪ್ರತಿ ಸಲವೂ ಬುಡವನ್ನು ಮಾವನ ಕೈಗೆ ಕೊಡುತ್ತಿದ್ದಳು. ಅವರು ಕಣ್ಣುಮುಚ್ಚಿ ತಿರುವಿ, "ಇನ್ನೊಂದು ಕೂದಲು" ಅನ್ನುತ್ತಿದ್ದರು. ಅವಳು ಕೂದಲೆಳೆಯಷ್ಟು ತೆಗೆಯುತ್ತಿದ್ದಳು.

ಒಂದು ತುಂಡು ಹಾಳಾಯಿತು ಕೂಡ. ಆ ಕೂದಲು ಸ್ವಲ್ಪ ದಪ್ಪವಾಗಿಬಿಟ್ಟಿತು, ಮುಚ್ಚಳ ಲೊಡಲೊಡ ಅಂದಿತು. ನಾನು "ಪರವಾಗಿಲ್ಲ, ಇದೇ ಸಾಕು" ಅಂದೆ. ಅವಳು ನನ್ನ ಮುಖ ನೋಡಿ, "ಅಜ್ಜಿಗೆ ಕಣ್ಣು ಕಾಣಲ್ಲ ಅಂದ್ರಲ್ಲ ಅಕ್ಕಾ. ಇದು ಕೈಗೆ ಸಿಕ್ಕಿದ್ರೆ ಗೊತ್ತಾಗಿಬಿಡುತ್ತೆ" ಅಂತ ಹೇಳಿ ಅದನ್ನು ಪಕ್ಕಕ್ಕೆ ಎಸೆದಳು. ಹೊಸ ತುಂಡು ತೆಗೆದುಕೊಂಡಳು. ಮಾವ ಏನೂ ಅನ್ನಲಿಲ್ಲ, ಮತ್ತೆ ನಾಲ್ಕು ಕೊರಡು ತಟ್ಟಿ ನೋಡಿ ಒಂದನ್ನು ಕೊಟ್ಟರು.

ಅವರ ಕೈ ಈಗ ನಡುಗುತ್ತದೆ. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಈ ಕೆಲಸ ಬೇಡ ಅಂದನಂತೆ. ಸೊಸೆ ಮದುವೆಯಾಗಿ ಬಂದಾಗ ಮಣಿ ಪೋಣಿಸುವುದು, ಬೊಂಬೆಗೆ ಕಣ್ಣು ಬರೆಯುವುದು, ಪ್ಯಾಕು ಮಾಡುವುದು ಅಷ್ಟೇ ಮಾಡುತ್ತಿದ್ದಳು. ಹೆಂಗಸರ ಕೆಲಸ ಅಂತ ಇದ್ದದ್ದು ಅದೇ. ಲೇತಿಗೆ ಗೋಣಿತಾಟು ಬಿದ್ದ ಮೇಲೆ ಒಂದು ದಿನ ತಾನೇ ಬಂದು ಕೂತಳಂತೆ. "ಮೊದಲನೇ ವರ್ಷ ಬರೀ ಬುಗುರಿ. ಬುಗುರಿ ಆಡದೆ ಬಿದ್ರೆ ಮಾವ ಒಲೆಗೆ ಹಾಕ್ತಿದ್ರು. ಆ ವರ್ಷ ನಮಗೆ ಸೌದೆ ಕೊಳ್ಳೋ ಹಾಗೇ ಇರಲಿಲ್ಲ" ಅಂತ ನಕ್ಕಳು. ಈಗ ಊರಿನಲ್ಲಿ ಬೇರೆ ಹೆಂಗಸರೂ ಲೇತಿನ ಮೇಲೆ ಕೆಲಸ ಮಾಡುತ್ತಾರೆ. ಸಂಬಳವಲ್ಲ, ಡಜನ್ ಲೆಕ್ಕ. ಕರೆಂಟು ಹೋದರೆ ಆ ದಿನದ ಲೆಕ್ಕವೂ ಹೋಯಿತು.

ಎರಡನೆಯ ಮುಚ್ಚಳ ಕೂತಿತು. ಉಪ್ಪುಕಾಗದದಿಂದ ನಯ ಮಾಡಿದ ಮೇಲೆ ಬಣ್ಣ. ಸೋದರಿಯರೇ, ಇಲ್ಲಿ ಬ್ರಷ್ಷಿಲ್ಲ, ಡಬ್ಬಿಯ ಪೇಂಟಿಲ್ಲ. ಇರುವುದು ಅರಗಿನ ಕಡ್ಡಿ. ಅರಗು ಅಂದರೆ ಮುತ್ತುಗ, ಬೋರೆಯಂಥ ಮರಗಳ ರೆಂಬೆಯಲ್ಲಿ ಒಂದು ಜಾತಿಯ ಪುಟ್ಟ ಹುಳು ಸುರಿಸುವ ಅಂಟು. ಉತ್ತರದ ಜಾರ್ಖಂಡ್, ಛತ್ತೀಸ್‌ಗಢದ ಕಡೆ ಹೆಚ್ಚು ಬೆಳೆಯುತ್ತದೆ. ಸುತ್ತಲ ಹಳ್ಳಿಗಳಲ್ಲೆಲ್ಲ ರೇಷ್ಮೆ, ಊರಿನೊಳಗೆ ಅರಗು. ಈ ಸೀಮೆಗೆ ಹುಳುಗಳ ಋಣ ದೊಡ್ಡದು! ನಮ್ಮ ಪಾಂಡವಪುರದವರಿಗಂತೂ ಅರಗು ಅಂದರೆ ದುರ್ಯೋಧನ ಕಟ್ಟಿಸಿದ ಮನೆಯೇ ನೆನಪು. ಅದು ಹೊತ್ತಿ ಉರಿಯಿತು. ಇದು ಮಗುವಿನ ಬಾಯಿಗೆ ಹೋಗುತ್ತದೆ.

ಅರಗನ್ನು ಬೆಂಕಿಯಲ್ಲಿ ಕಾಯಿಸಿ, ಬಣ್ಣ ಸೇರಿಸಿ, ಎಳೆದು ಮಡಿಸಿ, ಎಳೆದು ಮಡಿಸಿ, ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಎಳೆಯುವ ಹಾಗೆ ಮಾಡಿ ಕಡ್ಡಿ ಹೊಸೆಯುತ್ತಾರೆ. ಕೊಟ್ಟಿಗೆಯೆಲ್ಲ ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುವಂಥ ವಾಸನೆ. ಹಳದಿಗೆ ನಮ್ಮ ಅರಿಶಿನವೇ, ನೀಲಿಗೆ ನೀಲಿಗಿಡ, ಎರಡೂ ಸೇರಿದರೆ ಹಸಿರು, ಕಂದಿಗೆ ವೀಳ್ಯಕ್ಕೆ ಹಾಕುವ ಕಾಚು. ಎಲ್ಲರೂ ಹೀಗೇ ಮಾಡುತ್ತಾರೆ ಅಂತ ಹೇಳಲಾರೆ, ಅಗ್ಗದ ಸಾಮಾನಿಗೆ ಅಗ್ಗದ ಬಣ್ಣವೂ ಉಂಟು. ಎಳೆಮಕ್ಕಳಿಗೆ ಕೊಳ್ಳುವಾಗ ಸಸ್ಯದ ಬಣ್ಣವೇ ಅಂತ ಕೇಳಿ ತೆಗೆದುಕೊಳ್ಳಿ. ಬ್ರಷ್ಷಿನ ಗೆರೆ ಕಂಡರೆ, ಉಗುರಿನಿಂದ ಕೆರೆದಾಗ ಸಿಪ್ಪೆ ಎದ್ದರೆ, ಅದು ಅರಗಲ್ಲ ಅಂತಲೇ ತಿಳಿಯಿರಿ.

ತಿರುಗುವ ಮುಚ್ಚಳಕ್ಕೆ ಅವಳು ಕೆಂಪು ಕಡ್ಡಿ ಒತ್ತಿ ಹಿಡಿದಳು. ತಿಕ್ಕಾಟದ ಬಿಸಿಗೇ ಅರಗು ಕರಗಿ, ನೋಡನೋಡುತ್ತಿದ್ದಂತೆ ಬಿಳಿ ಮರಕ್ಕೆ ಕೆಂಪು ಹರಡಿಕೊಂಡಿತು. ಮೊದಲು ಮಬ್ಬು ಮಬ್ಬಾಗಿ, ಗಂಟು ಗಂಟಾಗಿ. ಆಮೇಲೆ ಒಂದು ಒಣಗಿದ ಎಲೆ ತೆಗೆದು ಅದರ ಮೇಲೆ ಹಿಡಿದಳು. ತಾಳೆಗರಿ ಅಂತಾರೆ ಇವರು, ನಮ್ಮ ಕೇದಗೆಯ ಜಾತಿ. ಎಲೆ ತಾಗಿದ್ದೇ ತಡ, ಮಬ್ಬೆಲ್ಲ ಹೋಗಿ ಕನ್ನಡಿಯ ಹಾಗೆ ಹೊಳೆಯಿತು! ಕೇದಗೆ ಹೂವನ್ನು ಜಡೆಗೆ ಮುಡಿದದ್ದು ಗೊತ್ತು, ಅದರ ಎಲೆಗೆ ಈ ಗುಣವಿದೆ ಅಂತ ಯಾರಿಗೆ ಗೊತ್ತಿತ್ತು? ಯಂತ್ರದ ಪಾಲಿಶ್ ಹಾಕಿದರೆ ಈ ನಯ ಬರುವುದಿಲ್ಲ ಅಂತ ಯಜಮಾನರ ಮಾತು. ಕೊನೆಗೆ ಹಳದಿ ಕಡ್ಡಿಯ ತುದಿ ತಾಗಿಸಿ ಒಂದು ಗೆರೆ. ಉಳಿಯ ಮೊನೆ ಕೊಟ್ಟಳು, ಮುಚ್ಚಳ ಅವಳ ಅಂಗೈಗೆ ಬಿತ್ತು.

ಬುಡದ ಮೇಲಿಟ್ಟು ನೋಡಿದರೆ ಬಣ್ಣ ಸೇರಲಿಲ್ಲ. ಹಳೆಯದು ಐವತ್ತು ವರ್ಷದ ಎಣ್ಣೆ, ಕುಂಕುಮ, ಕೈಬೆವರು ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಹೊಸದು ದಾಸವಾಳದ ಕೆಂಪು. ನನ್ನ ಮುಖ ನೋಡಿ ಯಜಮಾನರು, "ಬುಡಕ್ಕೂ ಒಂದು ಕೈ ಅರಗು ಕೊಟ್ಟುಬಿಡೋಣ್ವಾ? ಎರಡೂ ಒಂದೇ ಆಗುತ್ತೆ. ದುಡ್ಡು ಬೇಡ" ಅಂದರು. ಬುಡವನ್ನು ಎತ್ತಿ ಲೇತಿನ ಹತ್ತಿರ ಒಯ್ಯುವವರೆಗೂ ಸುಮ್ಮನಿದ್ದೆ. ಆಮೇಲೆ ಬೇಡ ಅಂದೆ. ಆ ನುಣುಪು ಹೋದರೆ ಅತ್ತೆಯ ಕೈಗೆ ಅದು ಯಾರ ಮನೆಯ ಭರಣಿಯೋ ಆಗಿಬಿಡುತ್ತಿತ್ತು. ಬಣ್ಣ ಬೇರೆಯಾಗಿರುವುದು ಕಾಣುವುದು ನನಗೆ ತಾನೇ, ಕಾಣಲಿ.

ಮುಚ್ಚಳ ಸ್ವಲ್ಪ ಬಿಗಿಯಾಗಿಯೇ ಇತ್ತು. "ಬೇಕಂತಲೇ ಬಿಟ್ಟಿದೀವಿ ತಾಯಿ. ಹೊಸ ಮರ, ಮಳೆಗಾಲ ಬೇಸಿಗೆ ನೋಡಬೇಕು, ಕೈಯಲ್ಲಿ ಆಡಬೇಕು. ಈಗಲೇ ಸಲೀಸು ಮಾಡಿದ್ರೆ ಬೇಸಿಗೇಲಿ ಉದುರುತ್ತೆ" ಅಂದರು.

ನೂರೈವತ್ತು ಕೊಟ್ಟೆ. ಹಾಳಾದ ತುಂಡಿನದೂ ಲೆಕ್ಕ ಹಾಕಿ ಅಂದದ್ದಕ್ಕೆ, ಅದು ನಮ್ಮ ಕೈತಪ್ಪು ಅಂತ ಮುಟ್ಟಲಿಲ್ಲ. ಓರಗಿತ್ತಿ ಮೊಮ್ಮಗುವಿಗೆ ಅಂತ ಒಂದು ಗಿಲಕಿ, ಒಂದು ಅಡುಗೆ ಆಟದ ಸೆಟ್ಟು ಆರಿಸಿದಳು. ಪುಟಾಣಿ ಒರಳು, ಬೀಸುವ ಕಲ್ಲು, ಬಿಂದಿಗೆ, ಲಟ್ಟಣಿಗೆ, ಬೆರಳ ತುದಿಯಷ್ಟು ಲೋಟಗಳು. ನಾಲ್ಕು ಗಂಟೆ ಅಲ್ಲೇ ಕೂತು, ಒಂದು ಮುಚ್ಚಳಕ್ಕೆ ಎಷ್ಟು ಸಲ ಲೇತು ನಿಲ್ಲಿಸಿದರು ಅಂತ ಕಣ್ಣಾರೆ ನೋಡಿದವಳು. ಇನ್ನು ಚೌಕಾಸಿ ಮಾಡಲಾರಳು ಅಂದುಕೊಂಡೆ. "ಹತ್ತು ರೂಪಾಯಿ ಬಿಟ್ಟುಕೊಡಿ" ಅಂದೇಬಿಟ್ಟಳು! ಅಭ್ಯಾಸ ನೋಡಿ. ಸೊಸೆ ಹತ್ತು ಬಿಟ್ಟಳು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಓರಗಿತ್ತಿ ಗಿಲಕಿ ತೆಗೆದು ಆಡಿಸುತ್ತ, "ಅಕ್ಕಾ, ಕೇಳಬಾರದಿತ್ತೇನೋ" ಅಂದಳು. ನಾನು ಮಾತಾಡಲಿಲ್ಲ. ಅಂಗಡಿಯಲ್ಲಿ ಎಷ್ಟು ವರ್ಷ ನಾನೂ ಅರ್ಧ ಬೆಲೆಗೆ ಕೇಳಿದವಳೇ.

ನೀವೂ ಹೋಗುವುದಾದರೆ ದಸರೆಗೆ ತಿಂಗಳ ಮುಂಚೆ ಹೋಗಿ, ಬೊಂಬೆ ಕೂರಿಸಲು ಬೇಕಾದದ್ದು ಆರಿಸಲು ಸಿಗುತ್ತದೆ. ಹಬ್ಬ ಹತ್ತಿರವಾದರೆ ಅವರಿಗೂ ಪುರಸೊತ್ತಿಲ್ಲ. ಮಾಡುವವರ ಮನೆಗೇ ಹೋದರೆ ಕೂತು ನೋಡಲು ಬೇಡ ಅನ್ನುವವರು ಕಡಿಮೆ. ಊಟದ ಹೊತ್ತು ಮಾತ್ರ ಬಿಟ್ಟು ಹೋಗಿ. ಮನೆಯಲ್ಲಿರುವ ಅರಗಿನ ಸಾಮಾನನ್ನು ನೀರಿನಲ್ಲಿ ನೆನೆಸಬೇಡಿ. ಬಿಸಿನೀರು, ಒಲೆಯ ಪಕ್ಕ, ಮಧ್ಯಾಹ್ನದ ಬಿಸಿಲು ಯಾವುದೂ ಆಗದು. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕುಂಕುಮ ಅಂಟಿದ್ದರೆ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಕೊಳ್ಳಿ. ಸ್ಪಿರಿಟ್ಟು, ಸೆಂಟು ತಾಕಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಇದೆಲ್ಲ ನನಗೆ ಮೊದಲೇ ಯಾರಾದರೂ ಹೇಳಿದ್ದರೆ!

ಮನೆಗೆ ಬಂದು ಭರಣಿಯನ್ನು ಅತ್ತೆಯ ಕೈಗೆ ಕೊಟ್ಟೆ. ಬುಡ ಮುಟ್ಟಿದರು. ಮುಚ್ಚಳ ಮುಟ್ಟಿದರು. ಅಂಚಿನ ಸುತ್ತ ಬೆರಳಾಡಿಸಿದರು. ತಿರುವಿ ಎತ್ತಲು ನೋಡಿದರು, ಬರಲಿಲ್ಲ.

"ಬಿಗಿ ಇದೆ ಕಣೇ" ಅಂದರು.

"ಹೊಸದಲ್ವಾ ಅತ್ತೆ. ಸ್ವಲ್ಪ ದಿನ ಹೋದ್ರೆ ಸರಿಹೋಗುತ್ತಂತೆ" ಅಂದೆ.

"ಹೊಸ ಸೊಸೆ ಹಾಗೆ" ಅಂದು ನಕ್ಕರು. ಹಳೆಯದನ್ನು ಏನು ಮಾಡಿದೆ ಅಂತ ಕೇಳಿದರು. ಸೀಳಿದ ಮುಚ್ಚಳ ನನ್ನ ಸೀರೆಗಳ ಬೀರುವಿನಲ್ಲಿದೆ ಅಂದೆ. ಇರಲಿ ಅಂದರು.

ಆಮೇಲಿಂದ ದಿನಾ ಬೆಳಿಗ್ಗೆ ದೇವರ ಕೋಣೆಯಿಂದ ನನ್ನನ್ನು ಕೂಗುತ್ತಿದ್ದರು, ಮುಚ್ಚಳ ತೆಗೆದುಕೊಡು ಅಂತ. ಕಾಫಿ ಸೋಸುವುದನ್ನು ಬಿಟ್ಟು ಹೋಗಿ ತೆಗೆದುಕೊಡುತ್ತಿದ್ದೆ. ಹೀಗೆ ಎರಡು ತಿಂಗಳಾಯಿತು. ಕಳೆದ ಶುಕ್ರವಾರ ಕೂಗಲಿಲ್ಲ. ಮರೆತರೇನೋ ಅಂತ ಸೌಟು ಕೆಳಗಿಟ್ಟು ಹೋಗುವಷ್ಟರಲ್ಲಿ ಒಳಗಿನಿಂದ ಟಪ್ ಅಂತ ಕೇಳಿಸಿತು. ಹಿಂದಕ್ಕೆ ಬಂದು ಕಾಫಿ ಸೋಸಿದೆ.